ಕೊಟ್ಟ ಕಂಠ

ಪರದೆಯ ಮೇಲೆ ಆ ಬಾಯಿ ಅರ್ಧ ತೆರೆದು ನಿಂತುಬಿಟ್ಟಿದೆ, ಕೆಳದುಟಿಯ ತುದಿಯಲ್ಲಿ ಬಣ್ಣ ಕೂದಲೆಳೆಯಷ್ಟು ಗೆರೆ ದಾಟಿದೆ, ಮೇಲಿನ ಸಾಲಿನ ಒಂದು ಹಲ್ಲು ಪಕ್ಕದ ಹಲ್ಲಿನ ಮೇಲೆ ಚೂರು ಏರಿ ಕೂತಿದೆ, ಇದನ್ನೆಲ್ಲ ಇಷ್ಟು ಹತ್ತಿರದಿಂದ ಕಂಡವರು ಇಬ್ಬರೇ ಇದ್ದಾರು, ಒಂದು ಮೇಡಂ ಅವರ ಕನ್ನಡಿ, ಇನ್ನೊಂದು ಇವಳು, ಮಗಳು ಗುಬ್ಬಿಗೆ ಹಾಲುಹಲ್ಲು ಬೀಳುತ್ತಿದ್ದ ಕಾಲದಿಂದ ಈ ಬಾಯಿಯ ಎದುರು ನಿಂತು ಅದಕ್ಕೆ ಮಾತು ತುಂಬುತ್ತ ಬಂದವಳು, ಕಂಠದಾನ ಅಂತ ಅದಕ್ಕೆ ಹೆಸರು, ದಾನವಂತೆ ದಾನ, ದಾನ ಕೊಟ್ಟವರ ಹೆಸರನ್ನು ಕಲ್ಲಿನ ಮೇಲಾದರೂ ಕೆತ್ತುತ್ತಾರೆ, ಇಲ್ಲಿ ಸಿನಿಮಾ ಮುಗಿದು ಜನ ಎದ್ದು ಚಪ್ಪಲಿ ಹುಡುಕುವ ಹೊತ್ತಿಗೆ ಒಂದು ಸಾಲು ಹೆಸರು ಸರಿದು ಹೋದರೆ ಹೋಯಿತು. ಮೇಡಂ ಅಂದರೆ ಜನ ತಲೆಯ ಮೇಲೆ ಹೊತ್ತು ಮೆರೆಸುವ ತಾರೆ, ಅವರು ಕ್ಯಾಮೆರಾ ಎದುರು ಅಳುತ್ತಾರೆ, ಕೆಂಡ ಕಾರುತ್ತಾರೆ, ಆಮೇಲೆ ಗೋಡೆಗೆಲ್ಲ ದಪ್ಪ ಬಟ್ಟೆ ಹೊಡೆದ ಈ ಕೋಣೆಯಲ್ಲಿ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಇವಳು ಅಳುತ್ತಾಳೆ, ಕೆಂಡ ಕಾರುತ್ತಾಳೆ, ಅವರ ತುಟಿ ಮುಚ್ಚಿದಲ್ಲಿ ಮುಚ್ಚಿ ತೆರೆದಲ್ಲಿ ತೆರೆದು, ಒಂದಕ್ಷರ ಹಿಂದೆಮುಂದೆ ಆಗದಂತೆ, ಜಗತ್ತಿಗೆ ಕೇಳಿಸಿದ್ದು ಇವಳ ದನಿ, ಕಾಣಿಸಿದ್ದು ಅವರ ಮುಖ. ಗಾಜಿನಾಚೆ ಕೂತು ಯಂತ್ರ ನಡೆಸುವ ಇಂಜಿನಿಯರ್‌ನನ್ನು ಎಲ್ಲರೂ ಕಿವಿಯಪ್ಪ ಅನ್ನುವುದು, ಸೊಳ್ಳೆ ಮಗ್ಗುಲು ಬದಲಿಸಿದರೂ ಅವನಿಗೆ ಗೊತ್ತಾಗುತ್ತೆ ಅಂತ, ಅವನು ಚಿತ್ರವನ್ನು ಹಾಗೇ ನಿಲ್ಲಿಸಿ ಊಟಕ್ಕೆ ಹೋಗಿದ್ದಾನೆ, ಅಕ್ಕಾ ನೀವೂ ಏನಾದ್ರೂ ತಿಂದುಬಿಡಿ, ಆಮೇಲೆ ಆ ಹೊಸ ಸಂದೇಶ ಮುಗಿಸೋಣ, ಮೇಡಂ ಪಕ್ಷದವರು ಪ್ರಾಣ ತಿಂತಿದಾರೆ. ತಿನ್ನುವುದೆಲ್ಲಿ ಬಂತು, ಬೆಳಗ್ಗೆ ನಾದಿನಿ ಫೋನ್ ಮಾಡಿದ್ದಳು, ಪಿಸುಗುಟ್ಟಿದ್ದಳು, ಅತ್ತಿಗೆ, ಹೇಳಬಾರ್ದು ಅಂತ ಆಣೆ ಹಾಕಿಸ್ಕೊಂಡಿದಾಳೆ, ಆದ್ರೂ ಹೊಟ್ಟೇಲಿಟ್ಕೊಳ್ಳೋಕಾಗಲ್ಲ, ನಿಮ್ಮ ಗುಬ್ಬಿಗೆ ಮೊನ್ನೆ ಹೆರಿಗೆ ಆಯ್ತು, ಹೆಣ್ಣು ಮಗು, ತಾಯಿ ಮಗು ಚೆನ್ನಾಗಿದಾರೆ, ನಾನು ಹೇಳ್ದೆ ಅನ್ಬೇಡಿ. ಗುಬ್ಬಿ ಇವಳ ಒಬ್ಬಳೇ ಮಗಳು. ಒಬ್ಬಳೇ ಮಗಳ ಬಾಣಂತನದ ಸುದ್ದಿ ಕದ್ದು ಬಂದು ಕಿವಿ ಸೇರಬೇಕು, ಇದಕ್ಕಿಂತ ಇನ್ನೇನು ಬೇಕು.

ಗಾಜಿನಾಚೆ ಕಿವಿಯಪ್ಪನ ಮೇಜಿನ ಮೇಲೆ ಆಫೀಸಿನ ಫೋನಿದೆ, ಇವಳ ಮೊಬೈಲಿನಿಂದ ಹೋದ ಕರೆ ಗುಬ್ಬಿಗೆ ತಲುಪುವುದಿಲ್ಲ, ಬಾಗಿಲು ಹಾಕಿಬಿಟ್ಟಿದ್ದಾಳೆ, ಆದರೆ ಆ ಫೋನಿನ ನಂಬರು ಅವಳಿಗೆ ಗೊತ್ತಿಲ್ಲ, ಆಸ್ಪತ್ರೆಯದೋ ಔಷಧಿಯವನದೋ ಅಂತ ಎತ್ತಿಯಾಳು, ಎತ್ತಿದರೆ, ಎತ್ತಿದ ಮೇಲೆ ಏನನ್ನುವುದು, ನಾನು ಕಣೇ ಅನ್ನುವುದೇ, ಯಾವ ನಾನು. ಇದೊಂದು ಹೆದರಿಕೆ ಈಚೆಗೆ ಮೈಗೆ ಹತ್ತಿಕೊಂಡಿದೆ, ಯಾರಿಗೂ ಹೇಳುವಂಥದ್ದಲ್ಲ, ಬಾಯಿ ತೆರೆದರೆ ಬರುವುದು ಯಾರ ದನಿ ಅಂತ, ಮದುವೆಗೆ ಮುಂಚೆ ಇವಳಿಗೊಂದು ದನಿ ಇತ್ತಲ್ಲ, ಸ್ವಲ್ಪ ಕೀರಲು, ತಂಗಿಯರನ್ನು ಗದರಿಸುತ್ತಿದ್ದ ದನಿ, ಅದನ್ನು ಸ್ನಾನದ ಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಹುಡುಕಿದ್ದಾಳೆ, ಸಿಕ್ಕಿಲ್ಲ, ಬರುವುದು ಆ ತುಂಬಿದ ದನಿಯೇ, ಮೇಡಂದು ಅಂತ ಮಕ್ಕಳುಮರಿಯೆಲ್ಲ ಗುರುತು ಹಿಡಿಯುವ ದನಿ, ತರಕಾರಿಯವನಿಗೆ ಅರ್ಧ ಕೇಜಿ ಕೊಡಪ್ಪ ಅಂದರೆ ಅವನು ಇವಳ ಮುಖ ನೋಡದೆ ಎದುರು ಗೋಡೆಯ ಪೋಸ್ಟರ್ ನೋಡುತ್ತಾನೆ, ಮನೆಯಲ್ಲಿ ಗಂಡ ಟೀವಿ ಮುಂದೆ ಕೂತು ಮೇಡಂ ಭಾಷಣ ಕೇಳುತ್ತಿರುವಾಗ ಇವಳು ಅಡುಗೆಮನೆಯಿಂದ ಊಟಕ್ಕೆ ಕರೆದರೆ ಕೈಯೆತ್ತಿ ತಡೆಯುತ್ತಾನೆ, ಸ್ವಲ್ಪ ಸುಮ್ನಿರು ಮಾರಾಯ್ತಿ, ಮೇಡಂ ಮಾತಾಡ್ತಿದಾರೆ. ಮೊದಲ ಸಲ ನಕ್ಕಿದ್ದಳು. ಆಮೇಲೆ ನಗು ಬರಲಿಲ್ಲ. ಮೇಡಂ ಒಮ್ಮೆ ಇಲ್ಲಿಗೇ ಬಂದಿದ್ದರು, ಇದೇ ಕೋಣೆಗೆ, ಕಪ್ಪು ಕನ್ನಡಕ ತೆಗೆದು ಇವಳ ಕೈ ಹಿಡಿದು, ಸಣ್ಣ ಒಡಕು ದನಿ, ಬಾಯಿ ಬಿಟ್ಟರೆ ಬಣ್ಣಗೇಡು ಅನ್ನುತ್ತಾರಲ್ಲ ಹಾಗೆ, ನಾನು ಮನೇಲಿ ಮಾತಾಡಿದ್ರೆ ನನ್ನ ಮಗನೇ ನಗ್ತಾನೆ ಕಣ್ರೀ, ಸಿನಿಮಾದಲ್ಲಿ ಮಾತಾಡ್ತೀಯಲ್ಲ ಹಾಗೆ ಮಾತಾಡು ಅಂತಾನೆ, ಎಲ್ಲಿಂದ ತರ್ಲಿ. ಪಾಪ ಅನ್ನಿಸಿತ್ತು. ಇಬ್ಬರೂ ಒಂದೇ ಬಾಯಿಯ ಎರಡು ದವಡೆ ಅನ್ನಿಸಿತ್ತು, ಆ ಹೊತ್ತು ಅದರಲ್ಲಿ ಭಯವೇನೂ ಇರಲಿಲ್ಲ.

ಮೇಡಂ ರಾಜಕೀಯಕ್ಕೆ ಇಳಿಯುವ ಹೊತ್ತಿಗೆ ಜನ ಆಗಲೇ ಎರಡಾಗಿದ್ದರು, ಈ ಕಡೆ ಆ ಕಡೆ, ಯಾವ ಔಷಧಿ ಅಂಗಡಿಯಲ್ಲಿ ಯಾರ ಫೋಟೋ ಇದೆ ಅಂತ ನೋಡಿಕೊಂಡು ಜ್ವರದ ಮಾತ್ರೆ ಕೊಳ್ಳುವಷ್ಟು, ಮನೆಯೊಳಗೂ ಅಷ್ಟೇ, ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು, ಗಂಡ ಮೇಡಂ ಇದ್ದ ಈ ಕಡೆ, ಗುಬ್ಬಿ ಮತ್ತು ಅಳಿಯ ಆ ಕಡೆ, ಇವಳು ಯಾವ ಕಡೆ ಅಂತ ಕೇಳಿದವರಿಗೆ ಅಡ್ಡಗೋಡೆಯ ಮೇಲೆ ದೀಪವಿಟ್ಟು ಅನ್ನ ಬಡಿಸಿ ಕಳಿಸುತ್ತಿದ್ದಳು, ನನಗ್ಯಾಕೆ, ನಾನು ದನಿ ಕೊಡೋಳು, ಇದೂ ಒಂದು ಪಾತ್ರ. ಪಾತ್ರವೇ ಅಂದುಕೊಂಡು ಭಾಷಣ ಓದಿ ರೆಕಾರ್ಡ್ ಮಾಡಿಕೊಟ್ಟಳು. ಮೈದಾನದಲ್ಲಿ ಮೊದಲ ದಿನ ಗುಂಪಿನ ಹಿಂದೆ ನಿಂತು ನೋಡಿದಳು, ಎತ್ತರದ ವೇದಿಕೆಯ ಮೇಲೆ ಮೇಡಂ, ಸುತ್ತ ದೊಡ್ಡ ದೊಡ್ಡ ಪರದೆ, ಇವಳ ದನಿ ಕಂಬಕಂಬದಿಂದ ಹೊರಟಿತು, ಮೇಡಂ ತುಟಿ ಆಡಿಸಿದರು, ಅಷ್ಟು ವರ್ಷ ಇವಳು ಆ ತುಟಿಯ ಹಿಂದೆ ಓಡಿದ್ದಳು, ಈಗ ಆ ತುಟಿ ಇವಳ ದನಿಯ ಹಿಂದೆ ಓಡುತ್ತಿತ್ತು, ಒಂದು ಕಡೆ ತಪ್ಪಿತು, ದನಿ ಮುಗಿದ ಮೇಲೂ ಬಾಯಿ ಒಂದು ಕ್ಷಣ ತೆರೆದೇ ಉಳಿಯಿತು, ಯಾರಿಗೂ ಕಾಣಲಿಲ್ಲ, ಇವಳಿಗೆ ಕಂಡಿತು. ಈಗ ಸ್ಟುಡಿಯೋಗೆ ಬರುವ ದಾರಿಯ ಉದ್ದದ ಗೋಡೆಯಲ್ಲಿ ಸಾಲಾಗಿ ಅದೇ ಪೋಸ್ಟರ್, ಮೇಡಂ ನಗುತ್ತಿರುವುದು, ಆ ಕಡೆಯವರು ಯಾರೋ ಬ್ಲೇಡು ಹಿಡಿದು ಬಂದು ಬಾಯನ್ನು ಮಾತ್ರ ಕೊಯ್ದುಕೊಂಡು ಹೋಗುತ್ತಾರೆ, ಕಣ್ಣು ಮೂಗು ಹಣೆ ಎಲ್ಲ ಹಾಗೇ, ಬಾಯಿಯ ಜಾಗದಲ್ಲಿ ತೂತು, ತೂತಿನೊಳಗೆ ಇಟ್ಟಿಗೆ. ಕೊಯ್ದ ಬಾಯಿಗಳನ್ನು ಏನು ಮಾಡುತ್ತಾರೋ, ಎಲ್ಲಾದರೂ ಒಂದು ಪೆಟ್ಟಿಗೆಯ ತುಂಬ ಕಾಗದದ ಬಾಯಿಗಳಿರಬಹುದೋ ಏನೋ. ಆ ಗೋಡೆ ದಾಟುವಾಗ ಇವಳ ಕೈ ತಾನಾಗಿ ಸೆರಗು ಎತ್ತಿ ತುಟಿ ಮುಚ್ಚುತ್ತದೆ, ಧೂಳು ಅಂತ ನೋಡಿದವರು ಅಂದುಕೊಳ್ಳಲಿ.

ಆಮೇಲೆ ಬಂತು ಈ ಫೋನಿನ ಹುಚ್ಚು, ಮನೆಮನೆಗೂ ಮೇಡಂ ದನಿ, ಗಂಡಸರಿಗೆ ಒಂದು ಸಂದೇಶ, ಮುದುಕರಿಗೆ ಒಂದು, ಹೆಣ್ಣುಮಕ್ಕಳಿಗೆ ಒಂದು, ದಿನಕ್ಕೊಂದು ನಂಬರಿನಿಂದ ಹೋಗುವಂತೆ ಮಾಡಿದ್ದಾರಂತೆ, ತಡೆಯಲು ಆಗದಂತೆ. ಹೆಣ್ಣುಮಕ್ಕಳದು ಶುರುವಾಗಬೇಕಾದದ್ದು ಮಗಳೇ ಅಂತ, ಬರಲೇ ಇಲ್ಲ, ಕಿವಿಯಪ್ಪ ಮತ್ತೆ ಮತ್ತೆ ನಿಲ್ಲಿಸಿದ, ಅಕ್ಕಾ, ಅಂಗಡಿಯವರು ಗಿರಾಕೀನ ಕರೆದಂಗಿದೆ, ನಿಮ್ಮ ಮಗಳಿಗೇ ಫೋನ್ ಮಾಡಿದೀರಿ ಅಂದ್ಕೊಳ್ಳಿ, ಹೆಂಗೆ ಕರೀತೀರೋ ಹಂಗೇ ಕರೀರಿ. ಕಣ್ಣು ಮುಚ್ಚಿ ಕರೆದಳು. ಏನೇ ಗುಬ್ಬಿ, ಹೊಟ್ಟೆ ತುಂಬಿದೆಯೇನೇ. ಅಷ್ಟೇ, ಗಾಜಿನಾಚೆ ಪಕ್ಷದ ಹುಡುಗರು ಚಪ್ಪಾಳೆ ತಟ್ಟಿಬಿಟ್ಟರು, ಇದೇ ಇರಲಿ, ಇದೇ ಇರಲಿ, ಕಿವಿಯಪ್ಪನ ಕಣ್ಣಲ್ಲೂ ನೀರು. ಬೇಡಪ್ಪ ಅಂತ ಒಂದು ಮಾತು ಅಂದಿದ್ದರೆ ಆಗುತ್ತಿತ್ತು, ಅನ್ನಲಿಲ್ಲ, ಹೊಗಳಿಕೆ ಕೇಳಿ ಉಬ್ಬಿಹೋಗಿದ್ದಳು, ಆಡಿದರೆ ಹೋಯಿತು ಒಡೆದರೆ ಹೋಯಿತು, ಮಾತು ಮುತ್ತು ಎರಡೂ ಒಂದೇ ಜಾತಿ. ಗುಬ್ಬಿ ಹುಟ್ಟಿದಾಗ ಅಂಗೈಯಗಲ ಇದ್ದಳು, ಬಾಯಿ ತೆರೆದರೆ ಮುಖವೆಲ್ಲ ಬಾಯಿಯೇ, ಗುಬ್ಬಿಮರಿ ಅಂದಿದ್ದು ಹಾಗೇ ನಿಂತಿತು, ಶಾಲೆಯಿಂದ ಬಂದರೆ ಅದೇ ಮಾತು, ಹಾಸ್ಟೆಲಿಗೆ ಫೋನ್ ಮಾಡಿದರೆ ಅದೇ ಮಾತು, ಬೇರೆ ಥರ ಶುರು ಮಾಡುವುದು ಇವಳಿಗೆ ಗೊತ್ತೇ ಇರಲಿಲ್ಲ. ಎರಡು ವಾರದಲ್ಲಿ ಅದು ಎಲ್ಲರ ಬಾಯಿಗೂ ಬಂತು, ಬಸ್ಸಿನಲ್ಲಿ ಮುಂದಿನ ಸೀಟಿನ ಹುಡುಗಿಯ ಫೋನಿನಿಂದ ಇವಳ ದನಿ ಕೇಳಿತು, ಏನೇ ಗುಬ್ಬಿ, ಇವಳು ಬಾಯಿ ಮುಚ್ಚಿ ಕೂತಿದ್ದಾಳೆ, ದನಿ ಮಾತ್ರ ಅಲ್ಲಿಂದ, ಹುಡುಗಿ ನಗುತ್ತ ಫೋನಿಗೇ ಉತ್ತರ ಕೊಟ್ಟಳು, ಹೂಂ ಮೇಡಂ ತುಂಬಿದೆ. ಮೇಡಂ ಹಿಂದೆ ಹೊರಟ ಹುಡುಗಿಯರ ದಂಡಿಗೆ ಗುಬ್ಬಿ ಪಡೆ ಅಂತ ಹೆಸರಾಯಿತು, ಅಂಗಿಯ ಮೇಲೆ ಗುಬ್ಬಿ ಚಿತ್ರ, ಆ ಕಡೆಯವರು ಅವರನ್ನು ಕಂಡರೆ ಚಿಂವ್ ಚಿಂವ್ ಅಂತ ಕೂಗಿ ಕಲ್ಲೆಸೆದರು. ನಿಜವಾದ ಗುಬ್ಬಿ, ಹೊಟ್ಟೆಯಲ್ಲಿ ಕೂಸು ಹೊತ್ತವಳು, ಆ ಕಡೆಯ ಬೀದಿಯಲ್ಲಿ ಗಂಡನ ಕನ್ನಡಕದ ಅಂಗಡಿಯಲ್ಲಿ ಕೂತು ಇದನ್ನೆಲ್ಲ ಕೇಳಿಸಿಕೊಂಡಳು, ಫೋನ್ ಮಾಡಿದಾಗ ಬರೇ ಹೂಂ ಊಹೂಂ ಅನ್ನುತ್ತಿದ್ದಳು.

ಅಂಗಡಿ ಹೋಗಿದ್ದು ಆ ಸಂದೇಶದ ಕೊನೆಯ ಮಾತಿನಿಂದ. ಪಕ್ಷದವರು ಅದನ್ನು ಬರೆದುಕೊಂಡು ಬಂದಿದ್ದರು, ಸಹಿಸಿದ್ದು ಸಾಕು, ಬರೀ ಎರಡು ಪದ, ಇದರಲ್ಲೇನಿದೆ, ಗಂಡನ ಗೊರಕೆ ಬಗ್ಗೆಯೂ ಹೆಂಗಸರು ಅನ್ನುವ ಮಾತು. ಆದರೆ ಇವಳು ಕೆಲಸ ಬಲ್ಲವಳಲ್ಲವೇ, ಎರಡು ಪದದ ನಡುವೆ ಒಂದು ಉಸಿರು ಎಳೆದಳು, ಸಹಿಸಿದ್ದು, ಉಸಿರು, ಸಾಕು, ಯಾರೂ ಹಾಗೆ ಮಾಡು ಅಂದಿರಲಿಲ್ಲ, ಬಾಯಿಗೆ ರುಚಿ ಅನ್ನಿಸಿ ಮಾಡಿದ್ದು. ಅದನ್ನೇ ಮೈದಾನದಲ್ಲೂ ಹಾಕಿದರು, ಸಾವಿರಾರು ಜನ ಸಹಿಸಿದ್ದು ಅಂದು, ಎಲ್ಲರೂ ಒಟ್ಟಿಗೆ ಉಸಿರೆಳೆದರು, ಆ ಸದ್ದನ್ನು ಟೀವಿಯಲ್ಲಿ ಕೇಳಿದಾಗ ಇವಳ ಕೈಯಲ್ಲಿದ್ದ ಲೋಟ ಹಾಗೇ ನಿಂತಿತು, ಅದು ಇವಳ ಉಸಿರು, ಅಷ್ಟೊಂದು ಎದೆಯೊಳಗೆ ಹೋಗಿ ಕೂತಿತ್ತು, ಆಮೇಲೆ ಸಾಕು ಅಂತ ಹೊರಬಂತು, ಬಂದದ್ದು ಕಲ್ಲು ಹಿಡಿದು ನೆಟ್ಟಗೆ ಆ ಕಡೆಯ ಬೀದಿಗೆ ನುಗ್ಗಿತು. ಕನ್ನಡಕದ ಅಂಗಡಿ ಅಂದರೆ ಪೂರಾ ಗಾಜು. ನೋಡಲು ಹೋದಾಗ ಕಾಲಿಟ್ಟಲ್ಲೆಲ್ಲ ಕರಕರ ಅಂದಿತು, ಅಳಿಯನ ಹಣೆಗೆ ಹೊಲಿಗೆ ಬಿದ್ದಿತ್ತು, ಅವನು ಮುರಿದ ಫ್ರೇಮುಗಳನ್ನು ಬುಟ್ಟಿಗೆ ಹಾಕುತ್ತಿದ್ದ, ಗುಬ್ಬಿ ಬಸುರಿ ಹೊಟ್ಟೆ ಹಿಡಿದು ಸ್ಟೂಲಿನ ಮೇಲೆ ಕೂತಿದ್ದಳು, ಅಳುತ್ತಿರಲಿಲ್ಲ. ನಾನೇನೇ ಮಾಡಿದೆ, ಬರೆದಿದ್ದನ್ನ ಓದಿದೆ ಅಷ್ಟೇ ಅಂದಳು ಇವಳು, ಆ ಮಾತು ಬಾಯಿಂದ ಬೀಳುವಾಗಲೇ ಮೇಡಂ ಯಾವುದೋ ಸಿನಿಮಾದಲ್ಲಿ ಅಂದ ಹಾಗೆ ಕೇಳಿಸಿತು, ಅಳುವಿನ ಸಣ್ಣ ನಡುಕ ಕೂಡ ಸರಿಯಾದ ಜಾಗಕ್ಕೇ ಬಂದು ಕೂತಿತು. ಗುಬ್ಬಿ ತಲೆ ಎತ್ತಿ ನೋಡಿದಳು. ಅಂಗಡಿ ಹೋದ್ರೆ ಹೋಗ್ಲಿ ಅಮ್ಮ, ಮತ್ತೆ ಕಟ್ಟಬಹುದು, ನನ್ನ ಹೆಸರನ್ನೂ ಅವರಿಗೆ ಕೊಟ್ಟುಬಿಟ್ಟೆಯಲ್ಲ, ಇನ್ಮೇಲೆ ನೀನು ಕರೆದ್ರೆ ನೀನು ಅಂತ ಹೆಂಗೆ ಗೊತ್ತಾಗ್ಬೇಕು ನಂಗೆ. ಅದೇ ಕೊನೆ. ಅಲ್ಲಿಂದೀಚೆಗೆ ಮಾಡಿದ ಕರೆಗಳೆಲ್ಲ ಗೋಡೆಗೆ ಬಿದ್ದವು, ಗಂಡನ ಹತ್ತಿರ ಹೇಳಿಕೊಂಡರೆ ಬರ್ತಾಳೆ ಬಿಡು, ಎಲ್ಲಿಗೆ ಹೋಗ್ತಾಳೆ ಅಂತ ಟೀವಿಯ ದನಿ ಏರಿಸಿದ. ಅವನಿಗೂ ಸಂಕಟವಿದೆ, ಗಂಡಸು, ಸಂಕಟವನ್ನೂ ಭಾಷಣ ಕೇಳಿಯೇ ಕಳೆದುಕೊಳ್ಳಬೇಕು.

ಎದ್ದಳು, ಹೆಡ್‌ಫೋನ್ ಕೊಕ್ಕೆಗೆ ಹಾಕಿದಳು, ಬಾಗಿಲು ಭಾರ, ತೆರೆದಾಗ ಗಾಳಿ ಚುಸ್ ಅಂತ ಒಳಗೆ ಬಂತು, ಕಿವಿಯಪ್ಪನ ಕುರ್ಚಿ ಇನ್ನೂ ಬೆಚ್ಚಗಿದೆ, ಗಾಜಿನೊಳಗಿಂದ ಆ ಬಾಯಿ ಈಗ ಇವಳನ್ನೇ ನೋಡುತ್ತಿದೆ ಅನ್ನಬೇಕು, ಬಾಯಿ ನೋಡುತ್ತದೆಯೇ, ನೋಡುತ್ತಿದೆ. ನಂಬರು ಬಾಯಿಪಾಠ. ಏನನ್ನಬೇಕೋ ಅದನ್ನು ಬಸ್ಸಿನಲ್ಲೇ ಜೋಡಿಸಿಕೊಂಡಿದ್ದಾಳೆ, ಗುಬ್ಬಿ, ಫೋನಿಡಬೇಡ, ನಾನು ಈ ಕೆಲಸ ಬಿಟ್ಟೆ, ಇವತ್ತಿಂದ ಬಿಟ್ಟೆ, ಮಗೂನ ಒಂದ್ಸಲ ನೋಡ್ಕೊಂಡು ಹೋಗ್ತೀನಿ, ಮಾತಾಡಲ್ಲ, ಬಾಯಿ ಬಿಡಲ್ಲ, ಬಾಗಿಲಲ್ಲೇ ನಿಂತು ನೋಡ್ತೀನಿ. ಅತ್ತ ಕಡೆ ಗಂಟೆ ಬಡಿಯುತ್ತಿದೆ, ಎತ್ತುವುದಿಲ್ಲ, ಎತ್ತಿದಳು, ಮೊದಲು ಕೇಳಿದ್ದು ಮಗುವಿನ ಅಳು, ಉಸಿರುಗಟ್ಟಿ ಅಳುವ ಎಳೆಯ ಅಳು, ಅದರ ಹಿಂದೆ ಹಲೋ ಅನ್ನುವ ಸೋತ ದನಿ, ಇವಳು ಜೋಡಿಸಿಕೊಂಡಿದ್ದೆಲ್ಲ ಚೆಲ್ಲಿಹೋಗಿ ಬಾಯಿಗೆ ಬಂದದ್ದು, ಏನೇ ಗುಬ್ಬಿ, ಹೊಟ್ಟೆ ತುಂಬಿದೆಯೇನೇ. ಅಯ್ಯೋ. ಅತ್ತ ಕಡೆ ಗುಬ್ಬಿ, ಫೋನಿಗಲ್ಲ, ಪಕ್ಕಕ್ಕೆ ತಿರುಗಿ, ಅದೇ ರೆಕಾರ್ಡಿಂಗು. ಅಳಿಯನ ದನಿ, ಕಟ್ ಮಾಡು ಅದನ್ನ. ಇರಿ ಸ್ವಲ್ಪ, ಇದು ಬಂದ್ರೆ ಮಗು ಅಳು ನಿಲ್ಲಿಸತ್ತೆ, ನಿನ್ನೇನೂ ನಿಲ್ಲಿಸ್ತು, ನೋಡಿ ಬೇಕಾದ್ರೆ. ನಮ್ಮ ಅಂಗಡಿ ಮುರಿಸಿದ ಬಾಯಿ ಅದು, ಅಂದ ಅಳಿಯ. ಗೊತ್ತು ರೀ, ಆದ್ರೆ ಇದಕ್ಕೇನು ಗೊತ್ತು, ಇದಕ್ಕೆ ಅಜ್ಜಿ ದನಿ ಅಷ್ಟೇ, ನೋಡೇ ಚಿನ್ನಿ, ಅಜ್ಜಿ ಮಾತಾಡ್ತಿದಾಳೆ, ಕೇಳು. ಫೋನು ಬಟ್ಟೆಗೆ ಉಜ್ಜಿದ ಸದ್ದು, ಯಾವುದೋ ಪುಟ್ಟ ಕಿವಿಯ ಬಳಿ ಹೋದ ಸದ್ದು, ಅಳು ಅಲ್ಲೇ ತಡವರಿಸಿತು. ಈಗ ಏನು ಮಾಡಲಿ. ನಾನು ರೆಕಾರ್ಡಿಂಗ್ ಅಲ್ಲ ಕಣೇ ಅಂದರೆ ಇಟ್ಟುಬಿಡುತ್ತಾಳೆ, ರೆಕಾರ್ಡಿಂಗಿನ ಹತ್ತಿರ ಅವಳಿಗೆ ಜಗಳವಿಲ್ಲ, ಜಗಳ ಇರುವುದು ಬದುಕಿರುವ ಅಮ್ಮನ ಹತ್ತಿರ, ನುಂಗಲೂ ಆಗದು ಉಗುಳಲೂ ಆಗದು, ಸಂದೇಶದ ಮುಂದಿನ ಸಾಲು ತಾನಾಗಿ ಹೊರಟಿತು, ನಾನು ಕಣೇ, ದೂರದ ಪರದೆ ಮೇಲಿರೋಳಲ್ಲ, ನಿನ್ನ ಮನೆಯವಳೇ ಅಂದ್ಕೋ, ಅದೇ ಏರಿಳಿತ, ಅದೇ ಜಾಗದಲ್ಲಿ ಅದೇ ನಗು, ತನ್ನ ದನಿಗೆ ತಾನೇ ಕಂಠದಾನ ಮಾಡುತ್ತಿದ್ದಾಳೆ, ಒಂದಕ್ಷರ ಹಿಂದೆಮುಂದೆ ಆಗಬಾರದು, ಆಗಿಬಿಟ್ಟರೆ ಗೊತ್ತಾಗುತ್ತದೆ, ಅಳು ನಿಂತಿದೆ, ನಿಂತೇ ಹೋಗಿದೆ, ಸಣ್ಣ ಉಸಿರು ಫೋನಿಗೆ ತಾಗಿ ತಾಗಿ ಕೇಳುತ್ತಿದೆ, ಇವಳ ಮೊಮ್ಮಗಳ ಉಸಿರು, ನಿನ್ನ ನಿದ್ದೆ ಕಾಯೋಕೆ ನಾನಿದೀನಿ, ಯಾರಿಗೂ ಹೆದರಬೇಡ, ಕೆನ್ನೆಯ ಮೇಲೆ ನೀರು ಇಳಿಯುತ್ತಿದೆ, ದನಿಯಲ್ಲಿ ಇಳಿಯಬಾರದು, ಇಳಿದಿಲ್ಲ, ಕಸುಬುದಾರಿಕೆ. ಗುಬ್ಬಿ ಏನೋ ಗುನುಗಿದಳು, ಹೂಂ ಅಮ್ಮ, ಅಂದಳು, ರೆಕಾರ್ಡಿಂಗಿಗೆ, ಬಸ್ಸಿನ ಆ ಹುಡುಗಿ ಅಂದ ಹಾಗೆ ಅಲ್ಲ, ಎದೆಯೊಳಗಿಂದ ಅಂದಳು, ಇಷ್ಟು ತಿಂಗಳಲ್ಲಿ ಮೊದಲ ಸಲ ಅಮ್ಮ ಅಂದಳು, ಇವಳು ಸಾಲು ನಿಲ್ಲಿಸುವಂತಿಲ್ಲ, ನಮ್ಮ ಬೀದೀಲಿ ನಾವು ತಲೆ ಎತ್ತಿ ನಡೀಬೇಕು, ಇಷ್ಟು ದಿನ ಸಹಿಸಿದೀವಿ, ಇನ್ನು ಒಂದೇ ಸಾಲು, ಒಂದೇ, ಅದನ್ನು ಆ ಕಿವಿಗೆ, ಮೊನ್ನೆ ಮೊನ್ನೆ ಹುಟ್ಟಿದ ಕಿವಿಗೆ, ಹೇಳದಿದ್ದರೆ ಸಿಕ್ಕಿಬೀಳುತ್ತಾಳೆ, ಹೇಳಿದರೆ, ಸಹಿಸಿದ್ದು ಅಂದಳು, ಉಸಿರು ಎಳೆದಳು.

ಎಳೆದ ಉಸಿರು ಅಲ್ಲೇ ನಿಂತಿದೆ. ನಿಂತೋಯ್ತು, ಇಡು ಅಂದ ಅಳಿಯ. ಇಲ್ಲ ಇರಿ, ಯಾರೋ ಇದಾರೆ, ಉಸಿರು ಹಿಡ್ಕೊಂಡಂಗಿದೆ ಅಂದಳು ಗುಬ್ಬಿ, ದನಿ ಹತ್ತಿರ ಬಂತು, ಫೋನು ಈಗ ಮಗುವಿನ ಕಿವಿಯಲ್ಲಿಲ್ಲ, ಅವಳ ಕಿವಿಯಲ್ಲಿದೆ, ಮಗು ಮತ್ತೆ ಅಳಲು ಬಾಯಿ ತೆರೆದಿರಬೇಕು, ಅಳು ಇನ್ನೂ ಬಂದಿಲ್ಲ, ಮುಖವೆಲ್ಲ ಬಾಯಿ, ಅಂಗೈಯಗಲದ ಮುಖ, ಗಾಜಿನಾಚೆ ಪರದೆಯ ಮೇಲೆ ಆ ಬಾಯಿ, ಗಾಜಿನ ಮೇಲೆ ಮಬ್ಬಾಗಿ ಇವಳದೇ ಬಾಯಿ ಅದರ ಮೇಲೆ ಬಿದ್ದು ಕೂತಿದೆ, ಎರಡೂ ಒಂದೇ ಅಳತೆಗೆ ತೆರೆದಿವೆ, ಅಮ್ಮಾ, ಅಂದಳು ಗುಬ್ಬಿ, ನೀನಾ, ಹೇಳು, ಏನಾದ್ರೂ ಹೇಳು, ಅವರು ಬರೆದುಕೊಡದೆ ಇರೋದು ಏನಾದ್ರೂ, ಏನು, ಏನಿದೆ, ಹುಡುಕುತ್ತಿದ್ದಾಳೆ, ತೆರೆದ ಬಾಯಿ, ಅಮ್ಮಾ, ತೆರೆದ ಬಾಯಿ, ತೆರೆದ ಬಾಯಿ